ಅಲೆಕ್ಸಾಂಡರ್ ರ‍್ಯಾಮ್ಸಿ ಮನೆತನದ ಕಾಗದಪತ್ರ: ಎಲ್ಲಿಂದ ಶುರು ಮಾಡಬೇಕು, ಹೇಗೆ ಓದಬೇಕು

ಅಮೆರಿಕದ ಮಿನ್ನೆಸೋಟ ಇನ್ನೂ ರಾಜ್ಯವಾಗದೆ ಬರೀ ಟೆರಿಟರಿ ಆಗಿದ್ದಾಗ ಅದರ ಮೊದಲ ಗವರ್ನರ್ ಆಗಿ ಬಂದವನು ಅಲೆಕ್ಸಾಂಡರ್ ರ‍್ಯಾಮ್ಸಿ. ಅವನ ಮನೆಯವರು ಕಾಗದ ಬಿಸಾಡದ ಜನ. ಗಂಡ ಹೆಂಡತಿ ಮಕ್ಕಳ ಪತ್ರ, ಡೈರಿ, ಜಮೀನು ಬಾಡಿಗೆಯ ಲೆಕ್ಕ, ಕೆಲಸ ಕೊಡಿಸಿ ಅಂತ ಕೇಳಿದವರ ಅರ್ಜಿ, ಎಲ್ಲ ಉಳಿದುಕೊಂಡಿದೆ. ಇದೆಲ್ಲ ಈಗ ಸೇಂಟ್ ಪಾಲ್ ನಗರದ ಮಿನ್ನೆಸೋಟ ಹಿಸ್ಟಾರಿಕಲ್ ಸೊಸೈಟಿಯಲ್ಲಿದೆ. ಯಾರು ಬೇಕಾದರೂ ಹೋಗಿ ಓದಬಹುದು. ಪ್ರೊಫೆಸರ್ ಆಗಿರಬೇಕಿಲ್ಲ, ಪಿಎಚ್‌ಡಿ ಬೇಕಿಲ್ಲ.

ಈ ಲೇಖನ ಯಾರಿಗೆ ಅಂದರೆ, ಅಮೆರಿಕ ಇತಿಹಾಸ ಓದುತ್ತಿರುವ ವಿದ್ಯಾರ್ಥಿಗಳಿಗೆ, ಕೆಲಸದ ಮೇಲೆ ಮಿನಿಯಾಪೊಲಿಸ್, ಸೇಂಟ್ ಪಾಲ್ ಕಡೆ ಹೋಗಿ ನೆಲೆಸಿರುವ ಕನ್ನಡಿಗರಿಗೆ, ಊರಲ್ಲೇ ಕೂತು ಕಂಪ್ಯೂಟರಿನಲ್ಲಿ ಹಳೇ ದಾಖಲೆ ಹುಡುಕುವ ಆಸೆ ಇರುವವರಿಗೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಪೆಟ್ಟಿಗೆಗಳಲ್ಲಿ ದನಿ ಉಳಿಸಿಕೊಂಡವರು, ಬರೆದದ್ದನ್ನು ಜೋಪಾನವಾಗಿಡಲು ಒಂದು ಮನೆ ಇದ್ದವರು. ಮನೆ, ನೆಲ ಕಳೆದುಕೊಂಡ ಅಲ್ಲಿನ ಮೂಲನಿವಾಸಿಗಳಾದ ಡಕೋಟ ಜನರ ಮಾತು ಬೇರೆ ಕಡೆ ಇದೆ. ಎರಡನ್ನೂ ಪಕ್ಕದಲ್ಲಿ ಇಟ್ಟುಕೊಳ್ಳದೆ ಓದಿದರೆ ಸಿಗುವುದು ಅರ್ಧ ಕಥೆ, ಅದೂ ಗೆದ್ದವರ ಅರ್ಧ. ಕೆಳಗೆ ಹೇಳುವ ಪ್ರತಿ ಹಂತವೂ ಇದಕ್ಕೇ.

ಮೊದಲು ಒಂದು ಹಾಳೆ ತೆಗೆದುಕೊಂಡು ಇಸವಿ ಬರೆಯಿರಿ

ಪತ್ರ ಕೈಗೆತ್ತಿಕೊಳ್ಳುವ ಮುಂಚೆ ಈ ಕೆಲಸ ಆಗಬೇಕು. ಒಂದೇ ಹಾಳೆ ಸಾಕು, ಜಾಸ್ತಿ ಬೇಡ.

ರ‍್ಯಾಮ್ಸಿ ಹುಟ್ಟಿದ್ದು 1815ರ ಸೆಪ್ಟೆಂಬರ್ 8ರಂದು, ಪೆನ್ಸಿಲ್ವೇನಿಯದಲ್ಲಿ. 1843ರಿಂದ 1847ರವರೆಗೆ ವಿಗ್ ಪಕ್ಷದ ಸಂಸದ. 1845ರಲ್ಲಿ ಆ್ಯನಾ ಜೆಂಕ್ಸ್ ಜೊತೆ ಮದುವೆ, ಆಕೆಯ ತಂದೆಯೂ ಸಂಸದನೇ. 1849ರಲ್ಲಿ ಅಧ್ಯಕ್ಷ ಜಕಾರಿ ಟೇಲರ್ ಇವನನ್ನು ಮಿನ್ನೆಸೋಟ ಟೆರಿಟರಿಗೆ ಗವರ್ನರ್ ಮಾಡಿ ಕಳಿಸಿದ. ಆ ವರ್ಷ ಮೇ ಕೊನೆಯಲ್ಲಿ ಬಂದಿಳಿದಾಗ ಸೇಂಟ್ ಪಾಲ್‌ನಲ್ಲಿ ಇರಲು ಸರಿಯಾದ ಜಾಗ ಸಿಗದೆ, ನದಿಯಾಚೆ ಮೆಂಡೋಟದಲ್ಲಿ ತುಪ್ಪಳ ವ್ಯಾಪಾರಿ ಹೆನ್ರಿ ಸಿಬ್ಲಿಯ ಮನೆಯಲ್ಲಿ ಗಂಡ ಹೆಂಡತಿ ಕೆಲವು ವಾರ ಉಳಿದರು. ಈ ಸಂಗತಿಗೆ ಅಡಿಗೆರೆ ಹಾಕಿ, ಮುಂದೆ ಬೇಕಾಗುತ್ತದೆ. 1853ರವರೆಗೆ ಆ ಹುದ್ದೆ. 1855ರಲ್ಲಿ ಸೇಂಟ್ ಪಾಲ್ ಮೇಯರ್. 1858ರಲ್ಲಿ ಮಿನ್ನೆಸೋಟ ರಾಜ್ಯವಾಯಿತು, ಸಿಬ್ಲಿ ಮೊದಲ ಗವರ್ನರ್ ಆದ, 1860ರಲ್ಲಿ ರ‍್ಯಾಮ್ಸಿ ಎರಡನೆಯವನು. 1863ರಿಂದ 1875ರವರೆಗೆ ಸೆನೆಟರ್. 1879ರಿಂದ 1881ರವರೆಗೆ ಅಧ್ಯಕ್ಷ ಹೇಯ್ಸ್ ಸಂಪುಟದಲ್ಲಿ ಯುದ್ಧ ಕಾರ್ಯದರ್ಶಿ. ಆ್ಯನಾ 1884ರಲ್ಲಿ ತೀರಿಕೊಂಡಳು, ಅವನು 1903ರಲ್ಲಿ.

ಈ ಇಸವಿಗಳ ಪಕ್ಕದಲ್ಲಿ ಇನ್ನೊಂದು ಸಾಲು ಬರೆಯಿರಿ. 1850ರ ಜನಗಣತಿಯಲ್ಲಿ ಮಿನ್ನೆಸೋಟ ಟೆರಿಟರಿಯ ಜನಸಂಖ್ಯೆ 6,077. ಹತ್ತು ವರ್ಷ ಕಳೆದು 1860ರಲ್ಲಿ 1,72,023. ಇಷ್ಟು ಜನ ಬಂದು ಕೂತದ್ದು ಯಾರ ನೆಲದಲ್ಲಿ? 1850ರ ಎಣಿಕೆಯಲ್ಲಿ ಅಲ್ಲೇ ತಲೆತಲಾಂತರದಿಂದ ಇದ್ದ ಸಾವಿರಾರು ಡಕೋಟ, ಒಜಿಬ್ವೆ ಜನ ಸೇರಿಲ್ಲ. ಹಾಳೆಯ ಮೇಲೆ ಈ ಪ್ರಶ್ನೆ ಕಣ್ಣಿಗೆ ಬೀಳುವಂತೆ ಇರಲಿ.

ಕಾಗದ ಒಂದೇ ಕಡೆ ಇಲ್ಲ

ಹೊಸಬರು ತೊಡಕಿಗೆ ಬೀಳುವುದು ಇಲ್ಲೇ. ಮನೆತನದ ಸಂಗ್ರಹ ಅಂದ ಕೂಡಲೇ ಅವನ ಎಲ್ಲ ಕಾಗದ ಅದರಲ್ಲೇ ಇದೆ ಅಂದುಕೊಳ್ಳುತ್ತೇವೆ. ಹಾಗಿಲ್ಲ. ಒಬ್ಬನೇ ಮನುಷ್ಯ ಬರೆದದ್ದು, ಯಾವ ಟೋಪಿ ಹಾಕಿಕೊಂಡು ಬರೆದ ಅನ್ನುವುದರ ಮೇಲೆ ಬೇರೆ ಬೇರೆ ಕಡೆ ಹಂಚಿ ಹೋಗಿದೆ.

ಗಂಡನಾಗಿ, ಅಪ್ಪನಾಗಿ, ಪಕ್ಷದ ಮುಖಂಡನಾಗಿ, ಜಮೀನಿನ ಒಡೆಯನಾಗಿ ಬರೆದದ್ದು ಕುಟುಂಬದ ಸಂಗ್ರಹದಲ್ಲಿ. ಗವರ್ನರ್ ಆಗಿ ಬರೆದದ್ದು ರಾಜ್ಯದ ಸರ್ಕಾರಿ ದಾಖಲೆಗಳಲ್ಲಿ. ಅನುಕೂಲ ಏನೆಂದರೆ ರಾಜ್ಯದ ಪತ್ರಾಗಾರವನ್ನೂ ಅದೇ ಸೊಸೈಟಿಯೇ ನೋಡಿಕೊಳ್ಳುತ್ತದೆ, ಹಾಗಾಗಿ ಎರಡೂ ಒಂದೇ ಕಟ್ಟಡದಲ್ಲಿ ಸಿಗುತ್ತವೆ. ಮೂರನೆಯದು ಮುಖ್ಯ. ಟೆರಿಟರಿಯ ಗವರ್ನರ್ ಆದವನೇ ಆ ಪ್ರದೇಶದ ಮೂಲನಿವಾಸಿಗಳ ವ್ಯವಹಾರದ ಸೂಪರಿಂಟೆಂಡೆಂಟ್ ಕೂಡ ಆಗಿದ್ದ. ಆ ಹುದ್ದೆಯಲ್ಲಿ ವಾಷಿಂಗ್ಟನ್‌ಗೆ ಕಳಿಸಿದ ಪತ್ರಗಳು ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ಇಂಡಿಯನ್ ವ್ಯವಹಾರ ಕಚೇರಿಯ ದಾಖಲೆಗಳ ಗುಂಪು 75ರಲ್ಲಿ (ಇಲ್ಲಿ ‘ಇಂಡಿಯನ್’ ಅಂದರೆ ಭಾರತದವರಲ್ಲ, ಅಮೆರಿಕದ ಮೂಲನಿವಾಸಿಗಳು). ಆ ಕಚೇರಿಗೆ 1824ರಿಂದ 1881ರವರೆಗೆ ಬಂದ ಪತ್ರಗಳ ಮೈಕ್ರೋಫಿಲ್ಮ್ (ಪುಟಗಳನ್ನು ಚಿಕ್ಕದಾಗಿ ಫಿಲ್ಮಿಗೆ ಇಳಿಸಿದ ಪ್ರತಿ) ಸರಣಿಯ ಗುರುತು ಎಂ234. ಈ ಸಂಖ್ಯೆ ಬರೆದಿಟ್ಟುಕೊಳ್ಳಿ, ಲೈಬ್ರರಿಯವರ ಹತ್ತಿರ ಕೇಳುವಾಗ ಉದ್ದುದ್ದ ವಿವರಿಸುವ ಬದಲು ಇದೊಂದು ಹೇಳಿದರೆ ಸಾಕು.

ಅಬ್ರಹಾಂ ಲಿಂಕನ್‌ಗೆ ಬಂದ ಪತ್ರ, ತಂತಿಗಳು ಲೈಬ್ರರಿ ಆಫ್ ಕಾಂಗ್ರೆಸ್‌ನ ಲಿಂಕನ್ ಸಂಗ್ರಹದಲ್ಲಿವೆ. ಅದು ಪೂರ್ತಿ ಆನ್‌ಲೈನ್, ಉಚಿತ. ಹೆನ್ರಿ ಸಿಬ್ಲಿಯ ಕಾಗದಪತ್ರಗಳು ಮತ್ತೆ ಸೇಂಟ್ ಪಾಲ್‌ನಲ್ಲೇ.

ಪತ್ರಕ್ಕೆ ಮುಂಚೆ ಸೂಚಿ ಓದಿ

ಅಲ್ಲಿಯವರು ಇದನ್ನು ಫೈಂಡಿಂಗ್ ಏಡ್ ಅನ್ನುತ್ತಾರೆ. ಯಾವ ಬಾಕ್ಸಿನಲ್ಲಿ ಯಾವ ಫೋಲ್ಡರ್, ಯಾವ ಇಸವಿಯಿಂದ ಯಾವ ಇಸವಿಗೆ, ಯಾರು ಯಾರ ಪತ್ರ ಅಂತ ಬರೆದಿಟ್ಟ ಪಟ್ಟಿ. ಸೊಸೈಟಿಯ ಕ್ಯಾಟಲಾಗಿನಲ್ಲಿ ರ‍್ಯಾಮ್ಸಿ ಹೆಸರು ಹಾಕಿ ಹುಡುಕಿದರೆ ಸಿಗುತ್ತದೆ. 1970ರ ದಶಕದಲ್ಲಿ ಈ ಕಾಗದಪತ್ರಗಳನ್ನು ಮೈಕ್ರೋಫಿಲ್ಮ್ ಮಾಡಿದರು, ಅದಕ್ಕೂ ಒಂದು ಕೈಪಿಡಿ ಅಚ್ಚಾಗಿದೆ.

ಸೂಚಿ ಓದುವುದು ಬೇಜಾರಿನ ಕೆಲಸ ಅಂತ ಹಾರಿಸಬೇಡಿ. ಮನೆತನದ ಪರಿಚಯ ಇರುವ ಭಾಗವನ್ನು ಒಂದು ಸಲ, ಬಾಕ್ಸುಗಳ ಪಟ್ಟಿಯನ್ನು ಎರಡು ಸಲ ಓದಿ. ಎಲ್ಲಿ ಇಸವಿ ಜಿಗಿದಿದೆ, ಯಾವ ವರ್ಷಕ್ಕೆ ಮೂರು ಫೋಲ್ಡರ್ ಇದ್ದು ಯಾವ ವರ್ಷಕ್ಕೆ ಅರ್ಧವೂ ಇಲ್ಲ ಅನ್ನುವುದನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳಿ. ಖಾಲಿ ಜಾಗಕ್ಕೂ ಒಂದು ಕಾರಣ ಇರುತ್ತದೆ. ಗಂಡ ಹೆಂಡತಿ ಒಂದೇ ಮನೆಯಲ್ಲಿದ್ದರೆ ಪತ್ರ ಇರುವುದಿಲ್ಲ. ಅವನು ವಾಷಿಂಗ್ಟನ್‌ನಲ್ಲಿ, ಆಕೆ ಸೇಂಟ್ ಪಾಲ್‌ನಲ್ಲಿ ಇದ್ದಾಗ ಪತ್ರ ಇರುತ್ತದೆ. ಅಂದರೆ ನೀವು ಓದುವುದು ಅವರು ದೂರ ಇದ್ದ ದಿನಗಳನ್ನು ಮಾತ್ರ.

ಹುಡುಕುವಾಗ ಒಂದು ವಿಷಯ ನೆನಪಿರಲಿ. ಆ ಕಾಲದ ಪತ್ರದಲ್ಲಿ, ಹಳೇ ಸೂಚಿಯಲ್ಲಿ ಇರುವುದು ಹೊರಗಿನವರು ಇಟ್ಟ ಹೆಸರು. ಡಕೋಟ ಜನ ಅಲ್ಲಿ ‘ಸೂ’ ಆಗಿರುತ್ತಾರೆ, ಒಜಿಬ್ವೆ ‘ಚಿಪ್ಪೆವಾ’, ಹೋಚಂಕ್ ‘ವಿನ್ನಬೇಗೊ’. ಮುಖಂಡರ ಹೆಸರೂ ಹಾಗೇ. ತಾಓಯತೆದೂತ ಅನ್ನುವವನು ‘ಲಿಟಲ್ ಕ್ರೋ’, ಮಾಜಾಷಾ ‘ರೆಡ್ ಐರನ್’, ವಂಬ್ಡಿ ತಾಂಕ ‘ಬಿಗ್ ಈಗಲ್’. ಎರಡೂ ರೂಪದಲ್ಲಿ ಹುಡುಕದಿದ್ದರೆ ಇರುವುದೂ ಸಿಗುವುದಿಲ್ಲ.

ಭಾರತದಲ್ಲಿ ಕೂತು ಓದುವವರು ಇಲ್ಲಿಂದಲೇ ಸಾಕಷ್ಟು ಮಾಡಬಹುದು. ಸೂಚಿ, ಲಿಂಕನ್ ಸಂಗ್ರಹ, ಸೊಸೈಟಿಯವರ ಹಳೇ ಪತ್ರಿಕೆಗಳ ಡಿಜಿಟಲ್ ತಾಣ, ಸೊಸೈಟಿಯೇ ಹೊರತರುವ ಇತಿಹಾಸ ಪತ್ರಿಕೆಯ ಹಳೇ ಸಂಚಿಕೆಗಳು, ಒಪ್ಪಂದಗಳ ಪೂರ್ತಿ ಪಠ್ಯ, ಇವೆಲ್ಲ ಕಾಸು ಖರ್ಚಿಲ್ಲದೆ ತೆರೆಯುತ್ತವೆ. ಮೂಲ ಪತ್ರದ ಪ್ರತಿ ಬೇಕಾದರೆ ಬಾಕ್ಸ್, ಫೋಲ್ಡರ್, ತಾರೀಖು ಮೂರನ್ನೂ ಬರೆದು ಇಮೇಲ್ ಕಳಿಸಿ. ‘ರ‍್ಯಾಮ್ಸಿ ಬಗ್ಗೆ ಇರುವುದೆಲ್ಲ ಕಳಿಸಿ’ ಅಂದರೆ ಅಲ್ಲಿ ಕೂತವರು ಪಾಪ ಏನು ಮಾಡಬೇಕು?

ಅಲ್ಲಿಗೇ ಹೋಗುವವರು

ಮಿನ್ನೆಸೋಟ ಹಿಸ್ಟರಿ ಸೆಂಟರ್ ಕಟ್ಟಡದೊಳಗೆ ಗೇಲ್ ಫ್ಯಾಮಿಲಿ ಲೈಬ್ರರಿ ಇದೆ. ಹೊರಡುವ ಮುಂಚೆ ಯಾವ ದಿನ ತೆರೆದಿರುತ್ತದೆ, ಪೆಟ್ಟಿಗೆ ಮೊದಲೇ ಕೇಳಿಡಬೇಕಾ ಅಂತ ನೋಡಿಕೊಳ್ಳಿ. ಗುರುತಿನ ಚೀಟಿ ಜೊತೆಗಿರಲಿ. ಉಳಿದದ್ದು ಎಲ್ಲ ಪತ್ರಾಗಾರಗಳಲ್ಲೂ ಇರುವ ಶಿಸ್ತು: ಚೀಲ ಲಾಕರಿನಲ್ಲಿ, ಪೆನ್ ಬೇಡ, ಪೆನ್ಸಿಲ್ ಮಾತ್ರ, ನೀರಿನ ಬಾಟಲಿ ಹೊರಗೆ, ಒಂದು ಸಲಕ್ಕೆ ಒಂದೇ ಫೋಲ್ಡರ್, ಒಳಗಿನ ಕಾಗದದ ಕ್ರಮ ಬದಲಿಸುವ ಹಾಗಿಲ್ಲ. ಕ್ರಮ ತಪ್ಪಿದೆ ಅನ್ನಿಸಿದರೂ ನೀವೇ ಸರಿ ಮಾಡಬೇಡಿ, ಅಲ್ಲಿಯವರನ್ನು ಕರೆದು ತೋರಿಸಿ.

ಮೈಕ್ರೋಫಿಲ್ಮ್ ಇರುವ ಭಾಗಕ್ಕೆ ಮೂಲ ಕಾಗದ ಕೊಡಲು ಹಿಂದೇಟು ಹಾಕಬಹುದು. ಅದು ನ್ಯಾಯವೇ, ಬೆರಳು ತಾಗಿದಷ್ಟೂ ಕಾಗದ ಸವೆಯುತ್ತದೆ. ಫಿಲ್ಮ್ ಓದುವಾಗ ಮಾತ್ರ ಒಂದು ಜಾಗ್ರತೆ. ಪುಟದ ಹಿಂದೆ ಬರೆದದ್ದು, ಅಂಚಿನಲ್ಲಿ ಅಡ್ಡಡ್ಡ ಗೀಚಿದ್ದು ಅದರಲ್ಲಿ ಸುಲಭವಾಗಿ ಕಣ್ಣುತಪ್ಪುತ್ತದೆ. ಮುಂದಿನ ಫ್ರೇಮ್ ನೋಡದೆ ಪತ್ರ ಮುಗಿಯಿತು ಅಂದುಕೊಳ್ಳಬೇಡಿ.

ಕೈಬರಹ ಕಣ್ಣಿಗೆ ಹತ್ತಬೇಕು

ಮೊದಲ ದಿನ ತಲೆ ಕೆಡುತ್ತದೆ. ಇಂಗ್ಲಿಷ್ ಓದಲು ಬರುವವರಿಗೂ ಇದು ಇಂಗ್ಲಿಷೇನಾ ಅನ್ನಿಸುತ್ತದೆ. ಹೆದರಬೇಡಿ, ಕೆಲಸಕ್ಕೆ ಬರುವ ದಾರಿ ಇದೆ.

ಪತ್ರದ ಮೇಲ್ತುದಿ ಮತ್ತು ಕೊನೆಯಿಂದ ಶುರು ಮಾಡಿ. ಊರು, ತಿಂಗಳು, ಸಂಬೋಧನೆ, ಸಹಿ, ಇವು ಏನಿರಬಹುದು ಅಂತ ನಿಮಗೆ ಮೊದಲೇ ಗೊತ್ತು. ‘ಸೇಂಟ್ ಪಾಲ್’, ‘ಸೆಪ್ಟೆಂಬರ್’, ‘ವಾಷಿಂಗ್ಟನ್’ ಇಂಥ ಗೊತ್ತಿರುವ ಪದಗಳಲ್ಲಿ ಆ ಮನುಷ್ಯ ಒಂದೊಂದು ಅಕ್ಷರ ಹೇಗೆ ಬರೆಯುತ್ತಾನೆ ಅಂತ ನೋಡಿ, ಪಕ್ಕದ ಹಾಳೆಯಲ್ಲಿ ಅವನ ಅಕ್ಷರಮಾಲೆ ತಯಾರು ಮಾಡಿಕೊಳ್ಳಿ. ಮನೆಯ ಒಬ್ಬೊಬ್ಬರಿಗೂ ಒಂದೊಂದು ಹಾಳೆ. ಆಮೇಲೆ ನಡುವಿನ ಸಾಲಿಗೆ ಬನ್ನಿ. ತಿಳಿಯದ ಪದದ ಜಾಗದಲ್ಲಿ ಚೌಕ ಆವರಣ ಹಾಕಿ ಮುಂದೆ ಹೋಗಿ. ಊಹೆ ಮಾಡಿ ತುಂಬಬೇಡಿ. ನಾಲ್ಕು ಪತ್ರ ಆದಮೇಲೆ ಅದೇ ಪದ ಇನ್ನೊಂದು ಕಡೆ ಸ್ಪಷ್ಟವಾಗಿ ಸಿಗುತ್ತದೆ, ಆಗ ಹಿಂದೆ ಹೋಗಿ ತುಂಬಿ.

ಎರಡು ‘ಎಸ್’ ಒಟ್ಟಿಗೆ ಬಂದಾಗ ಹಳೆಯ ತಲೆಮಾರಿನವರು ಮೊದಲನೆಯದನ್ನು ‘ಎಫ್’ ಥರ ಉದ್ದ ಎಳೆಯುತ್ತಾರೆ. ತಾರೀಖಿನ ಪಕ್ಕ ‘ಇನ್‌ಸ್ಟ್’ ಅಂತಿದ್ದರೆ ಇದೇ ತಿಂಗಳು, ‘ಅಲ್ಟ್’ ಅಂದರೆ ಹೋದ ತಿಂಗಳು, ‘ಪ್ರಾಕ್ಸ್’ ಅಂದರೆ ಬರುವ ತಿಂಗಳು. ಕಾಗದ, ಅಂಚೆಯ ದುಡ್ಡು ಉಳಿಸಲು ಕೆಲವರು ಪುಟ ತುಂಬಿದ ಮೇಲೆ ಅದನ್ನೇ ಅಡ್ಡ ತಿರುಗಿಸಿ ಅದರ ಮೇಲೆಯೇ ಬರೆಯುತ್ತಿದ್ದರು. ಅಂಥದ್ದು ಸಿಕ್ಕರೆ ಫೋಟೊ ತೆಗೆದು ಪರದೆಯ ಮೇಲೆ ದೊಡ್ಡದು ಮಾಡಿ, ಒಂದು ದಿಕ್ಕಿನ ಸಾಲುಗಳನ್ನು ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ದಿಕ್ಕು ಹಿಡಿಯಿರಿ.

ಟ್ರಾನ್ಸ್‌ಕ್ರಿಬಸ್‌ನಂಥ ಕೈಬರಹ ಓದುವ ಸಾಫ್ಟ್‌ವೇರ್ ಈಗ ಇವೆ. ಬಳಸಿ, ತಪ್ಪಿಲ್ಲ. ಆದರೆ ಹೆಸರು ಮತ್ತು ಅಂಕಿಗಳನ್ನು ಅದರ ಮೇಲೆ ಬಿಡಬೇಡಿ. ಅದು ಗೊತ್ತಿಲ್ಲ ಅನ್ನುವ ಬದಲು ಸರಿ ಕಾಣುವ ಯಾವುದೋ ಪದ ಕೂರಿಸಿಬಿಡಬಹುದು, ಡಕೋಟ ಹೆಸರುಗಳ ವಿಷಯದಲ್ಲಂತೂ ನಂಬುವ ಹಾಗೇ ಇಲ್ಲ.

ತಾರೀಖು ಇಲ್ಲದ ಪತ್ರ

ಮನೆಯವರಿಗೆ ಬರೆಯುವಾಗ ಯಾರು ಇಸವಿ ಹಾಕುತ್ತಾರೆ? ಬರೀ ‘ಮಂಗಳವಾರ’ ಅಂತ ಇರುತ್ತದೆ. ಒಳಗೆ ಏನಾದರೂ ಸುಳಿವು ಹುಡುಕಿ. ಉದಾಹರಣೆಗೆ ಒಂದು ಪತ್ರದಲ್ಲಿ ‘ಮಂಗಳವಾರ, ಇವತ್ತು ವಿಶೇಷ ಅಧಿವೇಶನ ಶುರುವಾಯಿತು, ನಿನ್ನೆ ನನ್ನ ಹುಟ್ಟುಹಬ್ಬ’ ಅಂತ ರ‍್ಯಾಮ್ಸಿ ಬರೆದಿದ್ದಾನೆ ಅಂದುಕೊಳ್ಳಿ. ಹುಟ್ಟುಹಬ್ಬ ಸೆಪ್ಟೆಂಬರ್ 8. ಅದರ ಮಾರನೇ ದಿನ ರಾಜ್ಯದ ಶಾಸಕಾಂಗದ ವಿಶೇಷ ಅಧಿವೇಶನ ಸೇರಿದ್ದು 1862ರಲ್ಲಿ, ಆ ವರ್ಷದ ಸೆಪ್ಟೆಂಬರ್ 9 ಮಂಗಳವಾರ. ಮೂರೂ ಕೂಡಿಬಂದರೆ ತಾರೀಖು ಸಿಕ್ಕಿತು. ಪೆನ್ಸಿಲಿನಲ್ಲಿ ನಿಮ್ಮ ಟಿಪ್ಪಣಿಯಲ್ಲಿ ಬರೆದುಕೊಳ್ಳಿ, ಅವರ ಕಾಗದದ ಮೇಲಲ್ಲ.

ಅಂಚೆ ಎಷ್ಟು ದಿನಕ್ಕೆ ತಲುಪುತ್ತಿತ್ತು ಅನ್ನುವುದೂ ಲೆಕ್ಕಕ್ಕೆ ಬೇಕು. ಶುರುವಿನ ವರ್ಷಗಳಲ್ಲಿ ಮಿಸಿಸಿಪಿ ನದಿ ಚಳಿಗಾಲಕ್ಕೆ ಹೆಪ್ಪುಗಟ್ಟಿದರೆ ಹಬೆದೋಣಿ ಬಂದ್, ಅಂಚೆ ಸ್ಲೆಡ್ಜ್ ಬಂಡಿಯಲ್ಲಿ ಬರಬೇಕು. ತಂತಿ ಸೇಂಟ್ ಪಾಲ್ ತಲುಪಿದ್ದು 1860ರಲ್ಲಿ. ಚಿಕಾಗೊದಿಂದ ರೈಲು ಬಂದಿದ್ದು ಅದಕ್ಕೂ ಎಷ್ಟೋ ವರ್ಷದ ನಂತರ. ಹಾಗಾಗಿ 1851ರ ಜನವರಿಯಲ್ಲಿ ಬರೆದ ಪತ್ರದಲ್ಲಿ ವಾಷಿಂಗ್ಟನ್ ಸುದ್ದಿ ಇಲ್ಲ ಅಂದರೆ ಅವನು ಮುಚ್ಚಿಟ್ಟ ಅಂತ ಅರ್ಥವಲ್ಲ. ಸುದ್ದಿಯೇ ಬಂದಿರಲಿಕ್ಕಿಲ್ಲ.

ಒಂದು ಘಟನೆಯನ್ನು ಪೂರ್ತಿ ಓದಿ: 1851ರ ಜುಲೈ

ಎಲ್ಲ ಪೆಟ್ಟಿಗೆ ಮೇಲೆಮೇಲೆ ನೋಡುವ ಬದಲು ಒಂದು ಘಟನೆ ಹಿಡಿದು ಆಳಕ್ಕೆ ಇಳಿಯಿರಿ ಅನ್ನುವುದು ನನ್ನ ಬಲವಾದ ಸಲಹೆ. ಶುರುವಿಗೆ ಟ್ರಾವರ್ಸ್ ಡೆ ಸೂ ಒಪ್ಪಂದಕ್ಕಿಂತ ಒಳ್ಳೆಯದು ಇಲ್ಲ.

1851ರ ಬೇಸಿಗೆಯಲ್ಲಿ ರ‍್ಯಾಮ್ಸಿ ಮತ್ತು ಇಂಡಿಯನ್ ವ್ಯವಹಾರಗಳ ಕಮಿಷನರ್ ಲ್ಯೂಕ್ ಲೀ ಇಬ್ಬರೂ ಮಿನ್ನೆಸೋಟ ನದಿ ದಂಡೆಯ ಈ ಜಾಗಕ್ಕೆ ಹೋದರು. ಜುಲೈ 23ರಂದು ಸಿಸ್ಸಿಟನ್, ವಾಪಿಟನ್ ಡಕೋಟರ ಜೊತೆ ಸಹಿಯಾಯಿತು. ಆಗಸ್ಟ್ 5ರಂದು ಮೆಂಡೋಟದಲ್ಲಿ ಉಳಿದೆರಡು ಪಂಗಡಗಳ ಜೊತೆ. ಎರಡೂ ಸೇರಿ ಎರಡು ಕೋಟಿ ಎಕರೆಗೂ ಮೀರಿದ ನೆಲ ಕೈಬಿಟ್ಟು ಹೋಯಿತು.

ಓದುವ ಕ್ರಮ ಹೀಗಿರಲಿ. ಮೊದಲು ಒಪ್ಪಂದದ ಪಠ್ಯ. ಪೆನ್ಸಿಲ್ ಹಿಡಿದು ಲೆಕ್ಕ ಮಾಡುತ್ತಾ ಓದಿ. ಮೊದಲ ಒಪ್ಪಂದದ ಒಟ್ಟು ಮೊತ್ತ 16,65,000 ಡಾಲರ್. ಅದರಲ್ಲಿ 2,75,000 ಮುಖಂಡರಿಗೆ, ಹಳೇ ವ್ಯವಹಾರ ತೀರಿಸಿಕೊಂಡು ಜಾಗ ಖಾಲಿ ಮಾಡಲು. 30,000 ಶಾಲೆ, ಗಿರಣಿ ಇಂಥದ್ದಕ್ಕೆ. ಉಳಿದದ್ದು 13,60,000. ಇದನ್ನು ಕೈಗೆ ಕೊಡಲಿಲ್ಲ. ಸರ್ಕಾರದ ಹತ್ತಿರವೇ ಇಟ್ಟುಕೊಂಡು ಶೇಕಡಾ 5ರ ಬಡ್ಡಿ, ಅಂದರೆ ವರ್ಷಕ್ಕೆ 68,000, ಐವತ್ತು ವರ್ಷ ಕೊಡುವುದು. ಐವತ್ತು ವರ್ಷ ಆದಮೇಲೆ ಅಸಲು? ಅದು ವಾಪಸ್ ಬರುವುದಿಲ್ಲ, ಬಡ್ಡಿ ಕೊಟ್ಟಲ್ಲಿಗೆ ಅಸಲೂ ತೀರಿತು ಅಂತ ಷರತ್ತು. ಈ ಒಂದು ಕಲಮು ಓದಿಕೊಂಡು ಆಮೇಲೆ ಮನೆಯ ಪತ್ರ ತೆರೆದರೆ ಕಣ್ಣೇ ಬೇರೆಯಾಗಿರುತ್ತದೆ.

ಎರಡನೆಯದಾಗಿ ರ‍್ಯಾಮ್ಸಿ ಡೈರಿಯ ಆ ದಿನಗಳು. ಅವನ ಡೈರಿ ಮಾತು ಕಡಿಮೆ. ಬಂದವರು, ಹೋದವರು, ಹವೆ, ಅಷ್ಟೇ ಅನ್ನುವಷ್ಟು ಚುಟುಕು. ಅದರ ಪಕ್ಕದಲ್ಲಿ ‘ಮಿನ್ನೆಸೋಟ ಪಯೋನಿಯರ್’ ಪತ್ರಿಕೆ ಇಡಿ. ಅದರ ಸಂಪಾದಕ ಜೇಮ್ಸ್ ಗುಡ್‌ಹ್ಯೂ ಜೊತೆಗೇ ಹೋಗಿದ್ದ, ದಿನದಿನದ ವರದಿ ಬರೆದ, ಹೊಸ ನೆಲ ಸಿಕ್ಕಿತು ಅನ್ನುವ ಉತ್ಸಾಹ ಅವನ ಸಾಲುಸಾಲಲ್ಲೂ ಉಕ್ಕುತ್ತದೆ. ಬಾಲ್ಟಿಮೋರಿನ ಕಲಾವಿದ ಫ್ರಾಂಕ್ ಮೇಯರ್ ಕೂಡ ಅಲ್ಲಿದ್ದ, ಅವನು ಬರೆದ ರೇಖಾಚಿತ್ರಗಳಲ್ಲಿ ಡಕೋಟ ಜನರ ಮುಖ, ಉಡುಗೆ, ಬಿಡಾರ ಕಾಣಿಸುತ್ತವೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಸಹಿಯ ದಿನ ಡಕೋಟ ಮುಖಂಡರಿಂದ ಒಪ್ಪಂದದ ಪ್ರತಿಗಳ ಜೊತೆ ಇನ್ನೊಂದು ಕಾಗದಕ್ಕೂ ಗುರುತು ಹಾಕಿಸಿಕೊಂಡರು. ವ್ಯಾಪಾರಿಗಳ ಕಾಗದ ಅಂತ ಅದಕ್ಕೆ ಹೆಸರು ಬಿತ್ತು. ಸಾಲ ತೀರಿಸಲು ಮುಖಂಡರ ಪಾಲಿನ ದುಡ್ಡಿನಲ್ಲಿ ವ್ಯಾಪಾರಿಗಳಿಗೆ ಕೊಡಬೇಕು ಅಂತ ಅದರಲ್ಲಿತ್ತು. ಅದು ಒಪ್ಪಂದದ ಮತ್ತೊಂದು ಪ್ರತಿ ಅಂದುಕೊಂಡಿದ್ದೆವು ಎಂದು ಡಕೋಟರು ಆಮೇಲೆ ಹೇಳಿದರು. ದುಡ್ಡು ನಮ್ಮ ಕೈಗೇ ಕೊಡಿ ಅಂತ 1852ರ ಕೊನೆಯಲ್ಲಿ ಪಟ್ಟು ಹಿಡಿದ ಮಾಜಾಷಾನನ್ನು ರ‍್ಯಾಮ್ಸಿ ಸೈನಿಕರಿಂದ ಹಿಡಿಸಿ ಕೂಡಿಹಾಕಿಸಿದ. ದುಡ್ಡಿನ ದೊಡ್ಡ ಭಾಗ ವ್ಯಾಪಾರಿಗಳ ಕೈ ಸೇರಿತು, ಅವರಲ್ಲಿ ಹೆನ್ರಿ ಸಿಬ್ಲಿಯೂ ಒಬ್ಬ. ಮೊದಲ ಹಾಳೆಯಲ್ಲಿ ಅಡಿಗೆರೆ ಹಾಕಿದ ಆ ಅತಿಥಿಸತ್ಕಾರ ನೆನಪಿದೆ ಅಲ್ವಾ?

ದೂರು ಸೆನೆಟ್‌ಗೆ ಹೋಯಿತು, 1853ರಲ್ಲಿ ರಿಚರ್ಡ್ ಯಂಗ್ ಮತ್ತು ರ‍್ಯಾಮ್ಸಿಯ ನಂತರ ಗವರ್ನರ್ ಆದ ವಿಲ್ಲಿಸ್ ಗೋರ್ಮನ್ ವಿಚಾರಣೆ ನಡೆಸಿದರು. ಕೊನೆಗೆ ಸೆನೆಟ್ ರ‍್ಯಾಮ್ಸಿಯನ್ನು ದೋಷಮುಕ್ತ ಮಾಡಿತು. ಆದರೆ ವಿಚಾರಣೆಯ ಹೇಳಿಕೆಗಳೆಲ್ಲ ಅಚ್ಚಾಗಿ ಉಳಿದವು. ಮೂವತ್ತಮೂರನೇ ಕಾಂಗ್ರೆಸ್ಸಿನ ಮೊದಲ ಅಧಿವೇಶನ, ಸೆನೆಟ್ ಎಕ್ಸಿಕ್ಯೂಟಿವ್ ಡಾಕ್ಯುಮೆಂಟ್ 61. ಕುಟುಂಬದ ಪೆಟ್ಟಿಗೆಯಲ್ಲಿ ಕೇಳದ ದನಿಗಳು ಇದರಲ್ಲಿ ಕೇಳುತ್ತವೆ. ದೋಷಮುಕ್ತ ಅನ್ನುವ ಒಂದು ಪದ ನೋಡಿ ಫೈಲ್ ಮುಚ್ಚುವವರಿಗೆ ನಾನು ಹೇಳುವುದಿಷ್ಟೇ, ಸಾಕ್ಷಿಗಳ ಮಾತನ್ನು ಸುಮ್ನೆ ಕೂತು ಪೂರ್ತಿ ಓದಿ, ತೀರ್ಪು ನೀವೇ ಕೊಡಿ.

1862 ಓದುವಾಗ

ಇಲ್ಲಿ ನಿಧಾನ ಮಾಡಿ. ಈ ವರ್ಷದ ಕಾಗದ ಓದುವುದು ಮನಸ್ಸಿಗೆ ಸುಲಭವಲ್ಲ.

ಒಪ್ಪಂದದ ವಾರ್ಷಿಕ ಹಣ ಆ ವರ್ಷ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಹಸಿವು, ಸಾಲ ಕೊಡಲೊಪ್ಪದ ವ್ಯಾಪಾರಿಗಳು, ಎಲ್ಲ ಸೇರಿ ಆಗಸ್ಟ್ 18ರಂದು ಯುದ್ಧ ಸಿಡಿಯಿತು. ತಡವಾದ ಚಿನ್ನದ ನಾಣ್ಯ ಫೋರ್ಟ್ ರಿಡ್ಜ್‌ಲಿ ಕೋಟೆ ತಲುಪಿದ್ದು ಅದೇ ದಿನ. ನೂರಾರು ವಲಸಿಗರು ಸತ್ತರು, ಆ ಕುಟುಂಬಗಳ ನೋವೂ ನಿಜ, ಅವರ ಪತ್ರಗಳೂ ಈ ಸಂಗ್ರಹಾಲಯದಲ್ಲಿವೆ. ಸೆಪ್ಟೆಂಬರ್ 9ರ ವಿಶೇಷ ಅಧಿವೇಶನದಲ್ಲಿ ರ‍್ಯಾಮ್ಸಿ, ಸೂ ಜನರನ್ನು ನಿರ್ನಾಮ ಮಾಡಬೇಕು ಇಲ್ಲವೇ ರಾಜ್ಯದ ಗಡಿಯಾಚೆ ಶಾಶ್ವತವಾಗಿ ಓಡಿಸಬೇಕು ಅಂದ. ಸೇನಾ ಆಯೋಗ 392 ಜನರ ವಿಚಾರಣೆ ನಡೆಸಿತು, ಕೆಲವು ವಿಚಾರಣೆ ಕೆಲವೇ ನಿಮಿಷದಲ್ಲಿ ಮುಗಿದವು, 303 ಜನರಿಗೆ ಮರಣದಂಡನೆ. ಶಿಕ್ಷೆಯಾದ ಪ್ರತಿಯೊಬ್ಬರನ್ನೂ ಕೂಡಲೇ ಗಲ್ಲಿಗೇರಿಸಲು ಆದೇಶ ಕೊಡಿ ಅಂತ ನವೆಂಬರ್ 10ರಂದು ರ‍್ಯಾಮ್ಸಿ ಲಿಂಕನ್‌ಗೆ ತಿಳಿಸಿದ. ಲಿಂಕನ್ ಕಡತ ತರಿಸಿ ನೋಡಿ 39 ಹೆಸರಿಗೆ ಒಪ್ಪಿಗೆ ಕೊಟ್ಟ, ಕೊನೆಗಳಿಗೆಯಲ್ಲಿ ಒಬ್ಬನನ್ನು ಬಿಟ್ಟರು. ಡಿಸೆಂಬರ್ 26ರಂದು ಮ್ಯಾಂಕೇಟೊದಲ್ಲಿ 38 ಡಕೋಟರನ್ನು ಒಂದೇ ಸಲಕ್ಕೆ ಗಲ್ಲಿಗೇರಿಸಿದರು. ಸುಮಾರು 1,600 ಜನ, ಹೆಚ್ಚಾಗಿ ಹೆಂಗಸರು, ಮಕ್ಕಳು, ಮುದುಕರು, ಆ ಚಳಿಗಾಲವನ್ನು ಫೋರ್ಟ್ ಸ್ನೆಲಿಂಗ್ ಕೋಟೆಯ ಕೆಳಗಿನ ಬೇಲಿಯೊಳಗೆ ಕಳೆದರು.

ಓದುವ ವಿಧಾನ: ತಾರೀಖಿಗೆ ಒಂದು ಸಾಲಿನಂತೆ ನಾಲ್ಕು ಕಾಲಮ್ ಮಾಡಿ. ಒಂದರಲ್ಲಿ ಗವರ್ನರ್ ಕಚೇರಿಯ ಪತ್ರ, ಇನ್ನೊಂದರಲ್ಲಿ ಲಿಂಕನ್ ಸಂಗ್ರಹ, ಮೂರನೆಯದರಲ್ಲಿ ರ‍್ಯಾಮ್ಸಿ ಮನೆಯ ಡೈರಿ ಮತ್ತು ಪತ್ರ, ನಾಲ್ಕನೆಯದು ಡಕೋಟರ ಮಾತು. ನಾಲ್ಕನೆಯದಕ್ಕೆ ಬೇಕಾದದ್ದು ಇದೆ. ವಂಬ್ಡಿ ತಾಂಕ ಹೇಳಿದ ಯುದ್ಧದ ವೃತ್ತಾಂತ 1894ರಲ್ಲಿ ಅಚ್ಚಾಯಿತು. ಸಾವಿನಿಂದ ಉಳಿದು ಅಯೋವಾದ ಡ್ಯಾವನ್‌ಪೋರ್ಟ್‌ನಲ್ಲಿ ಸೆರೆಯಲ್ಲಿದ್ದವರು ಡಕೋಟ ಭಾಷೆಯಲ್ಲೇ ಪತ್ರ ಬರೆದರು, ಬಹುಪಾಲು ಮಿಷನರಿ ಸ್ಟೀಫನ್ ರಿಗ್ಸ್‌ಗೆ. ಅದರಲ್ಲಿ 50 ಪತ್ರಗಳನ್ನು ಡಕೋಟ ಹಿರಿಯರೇ ಅನುವಾದಿಸಿ 2013ರಲ್ಲಿ ಪ್ರಕಟಿಸಿದ್ದಾರೆ. ಹೆಂಡತಿ ಮಕ್ಕಳು ಎಲ್ಲಿದ್ದಾರೆ, ಬದುಕಿದ್ದಾರಾ ಅಂತ ಕೇಳುವ ಪತ್ರಗಳವು. ರ‍್ಯಾಮ್ಸಿ ಹೆಂಡತಿಗೆ ಬರೆದ ಪತ್ರವನ್ನೂ ಇವರ ಪತ್ರವನ್ನೂ ಒಂದೇ ದಿನ ಓದಿ. ಇಬ್ಬರದ್ದೂ ಮನೆಯ ಪತ್ರವೇ.

ಇನ್ನೊಂದು ಗಮನಿಸಿ. 1863ರ ಜನವರಿಯಲ್ಲಿ ರಾಜ್ಯದ ಶಾಸಕಾಂಗ ಇವನನ್ನು ಸೆನೆಟ್‌ಗೆ ಆರಿಸಿತು. ಹಾಗಾಗಿ 1862ರ ಕೊನೆಯ ತಿಂಗಳುಗಳ ಪತ್ರ ಓದುವಾಗ ಸೀಟಿನ ಲೆಕ್ಕಾಚಾರ ಎಲ್ಲೆಲ್ಲಿ ಬರುತ್ತದೆ ಅಂತ ಗುರುತು ಹಾಕುತ್ತಾ ಹೋಗಿ.

ಇದು ಮುಗಿದುಹೋದ ಹಳೇ ವಿಷಯವೂ ಅಲ್ಲ. 2012ರಲ್ಲಿ ಮಿನ್ನೆಸೋಟ ಗವರ್ನರ್ ಮಾರ್ಕ್ ಡೇಟನ್ ಆ ಸೆಪ್ಟೆಂಬರ್ 9ರ ಮಾತುಗಳನ್ನು ಅಧಿಕೃತವಾಗಿ ತಿರಸ್ಕರಿಸಿದರು. 2017ರಲ್ಲಿ ಮಿನಿಯಾಪೊಲಿಸ್‌ನ ಒಂದು ಶಾಲೆಯಿಂದ ರ‍್ಯಾಮ್ಸಿ ಹೆಸರು ತೆಗೆದು, ಮಿನ್ನೆಸೋಟ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಜಸ್ಟಿಸ್ ಪೇಜ್ ಹೆಸರಿಟ್ಟರು.

ಹೆಂಗಸರ ಪತ್ರ, ಮತ್ತು ಕಾಗದ ಉಳಿಸಿದವರು

ಆ್ಯನಾಳ ಪತ್ರಗಳನ್ನು ಮನೆವಾರ್ತೆ ಅಂತ ಹಾರಿಸಿ ಹೋಗುವವರೇ ಜಾಸ್ತಿ. ಅದು ದೊಡ್ಡ ನಷ್ಟ. ಎರಡು ಗಂಡುಮಕ್ಕಳು ಚಿಕ್ಕ ವಯಸ್ಸಿನಲ್ಲೇ ಹೋದರು, 1853ರಲ್ಲಿ ಹುಟ್ಟಿದ ಮರಿಯನ್ ಒಬ್ಬಳೇ ಉಳಿದಳು. ಗಂಡ ಊರೂರು ತಿರುಗುತ್ತಿದ್ದಾಗ ಮನೆ ನಡೆಸಿದ್ದು ಆಕೆ. ಕೆಲಸದವರು, ಕಾಯಿಲೆ, ಸಾಮಾನಿನ ಬೆಲೆ, ಯಾರು ಮನೆಗೆ ಬಂದರು ಯಾರು ಬರಲಿಲ್ಲ, ಇಂಥದ್ದನ್ನು ತಾರೀಖು ಸಮೇತ ಬರೆದುಕೊಳ್ಳಿ. ರಾಜಕೀಯದ ಒಳಸುಳಿ ಎಷ್ಟೋ ಸಲ ಊಟಕ್ಕೆ ಯಾರನ್ನು ಕರೆದರು ಅನ್ನುವುದರಲ್ಲೇ ಇರುತ್ತದೆ. 1872ರಲ್ಲಿ ಸೇಂಟ್ ಪಾಲ್‌ನ ಅರ್ವಿನ್ ಪಾರ್ಕ್ ಹತ್ತಿರ ದೊಡ್ಡ ಕಲ್ಲಿನ ಮನೆ ಮುಗಿಯಿತು. ಅದರ ಖರ್ಚು, ಪೀಠೋಪಕರಣದ ಬಿಲ್ಲು ನೋಡುವಾಗ ದುಡ್ಡಿನ ಮೂಲವನ್ನೂ ಕೇಳಿ. ರ‍್ಯಾಮ್ಸಿ ಸೇಂಟ್ ಪಾಲ್‌ನಲ್ಲಿ ಜಮೀನು ಹಿಡಿದು ಶ್ರೀಮಂತನಾದವನು. ಆ ಜಮೀನಿಗೆ ಬೆಲೆ ಬಂದದ್ದು ಒಪ್ಪಂದಗಳ ನಂತರ ಹರಿದುಬಂದ ಜನರಿಂದ.

ಮರಿಯನ್ ಮದುವೆಯಾಗಿ ಫರ್ನೆಸ್ ಮನೆ ಸೇರಿದಳು. ಅಪ್ಪನ ಡೈರಿ, ಪತ್ರಗಳನ್ನು ಆಯ್ದು ಆಕೆ ಬರೆದದ್ದು 1940ರ ದಶಕದಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು, ಆಗ ಆಕೆ ಬದುಕಿರಲಿಲ್ಲ. ಅದನ್ನು ಖಂಡಿತ ಓದಿ, ಚೆನ್ನಾಗಿದೆ. ಓದಿದ ಮೇಲೆ ಮೂಲ ಡೈರಿಗೆ ಹೋಗಿ ಮಗಳು ಯಾವ ದಿನಗಳನ್ನು ಆರಿಸಿದಳು, ಯಾವುದನ್ನು ಬಿಟ್ಟಳು ಅಂತ ಪಟ್ಟಿ ಮಾಡಿ. ಆಕೆಯ ಹೆಣ್ಣುಮಕ್ಕಳಾದ ಆ್ಯನಾ ಮತ್ತು ಲಾರಾ ಅದೇ ಮನೆಯಲ್ಲಿ ಬಾಳಿದರು, 1964ರಲ್ಲಿ ಮನೆ ಸೊಸೈಟಿಗೆ ಸೇರಿತು. ಆ ಸೊಸೈಟಿಯ ಮೊದಲ ಅಧ್ಯಕ್ಷ ಅಜ್ಜ ರ‍್ಯಾಮ್ಸಿಯೇ. ಸಂಗ್ರಹಕ್ಕೆ ಏನು ಬಂತು, ಏನು ಬರಲಿಲ್ಲ ಅನ್ನುವಾಗ ಈ ನಂಟು ತಲೆಯಲ್ಲಿರಲಿ.

ಟಿಪ್ಪಣಿ, ಫೋಟೊ, ಹಕ್ಕು

ಫೋಟೊ ತೆಗೆಯುವ ಮುಂಚೆ ಬಾಕ್ಸ್ ಮತ್ತು ಫೋಲ್ಡರ್ ಲೇಬಲ್‌ನ ಫೋಟೊ ತೆಗೆಯಿರಿ, ಆಮೇಲೆ ಪುಟಗಳು. ಫ್ಲ್ಯಾಶ್ ಬೇಡ. ಅವತ್ತೇ ಸಂಜೆ ಫೈಲಿಗೆ ಹೆಸರು ಹಾಕಿ: ಸಂಗ್ರಹ, ಬಾಕ್ಸ್, ಫೋಲ್ಡರ್, ತಾರೀಖು, ಪುಟ. ಮೈಕ್ರೋಫಿಲ್ಮ್ ಆದರೆ ರೀಲ್ ಮತ್ತು ಫ್ರೇಮ್ ಸಂಖ್ಯೆ. ನಾಳೆ ಮಾಡೋಣ ಅಂತ ಬಿಟ್ಟರೆ ನೂರಾರು ಪುಟಗಳಲ್ಲಿ ಯಾವುದು ಎಲ್ಲಿಯದು ಅಂತ ಗೊತ್ತಾಗುವುದಿಲ್ಲ.

ಕನ್ನಡದಲ್ಲಿ ಬರೆದು ಪ್ರಕಟಿಸುವವರು ಉದ್ಧರಣೆಯ ಇಂಗ್ಲಿಷ್ ಮೂಲವನ್ನೂ ಜೊತೆಗೆ ಇಟ್ಟುಕೊಂಡಿರಿ, ಯಾರಾದರೂ ಕೇಳಿದರೆ ತೋರಿಸಬೇಕು. ಹಕ್ಕಿನ ವಿಷಯಕ್ಕೆ ಬಂದರೆ, ಅಮೆರಿಕದಲ್ಲಿ ಅಪ್ರಕಟಿತ ಬರಹದ ಹಕ್ಕು ಬರೆದವರು ತೀರಿಕೊಂಡು 70 ವರ್ಷದವರೆಗೆ ಇರುತ್ತದೆ. ರ‍್ಯಾಮ್ಸಿ, ಆ್ಯನಾ ಇಬ್ಬರ ಅಪ್ರಕಟಿತ ಪತ್ರಗಳಿಗೆ ಆ ಅವಧಿ ಯಾವತ್ತೋ ಮುಗಿದಿದೆ. ಮೊಮ್ಮಕ್ಕಳು ಬರೆದದ್ದಕ್ಕೆ ಇನ್ನೂ ಮುಗಿದಿಲ್ಲ, ಅದನ್ನು ಪೂರ್ತಿಯಾಗಿ ಅಚ್ಚು ಹಾಕುವ ಮುಂಚೆ ಸೊಸೈಟಿಯವರನ್ನು ಕೇಳಿ. ಡಕೋಟರ ಪತ್ರ, ಚಿತ್ರ ಬಳಸುವವರು ಕಾನೂನಿನ ಹಕ್ಕು ನೋಡಿಕೊಂಡು ನಿಲ್ಲಿಸಬೇಡಿ. ಆ ಮನೆತನಗಳವರು ಇವತ್ತಿಗೂ ಮಿನ್ನೆಸೋಟ, ಡಕೋಟ ರಾಜ್ಯಗಳು, ನೆಬ್ರಾಸ್ಕ, ಕೆನಡಾದಲ್ಲಿದ್ದಾರೆ, ಅವರ ಸಮುದಾಯಗಳಿಗೆ ತಮ್ಮದೇ ಕಚೇರಿಗಳಿವೆ. ಹಿಂಗೆ ಬರೆಯುತ್ತಿದ್ದೇನೆ, ಈ ಹೆಸರನ್ನು ಹೀಗೆ ಬರೆಯಬಹುದೇ ಅಂತ ಒಂದು ಪತ್ರ ಹಾಕಿ, ಉತ್ತರ ಬರುವವರೆಗೆ ಕಾಯಿರಿ.